ಅಟ್ಟದ ಮೇಲಿನ ಹಳೆಯ ಕಾಗದಗಳು

ನಮ್ಮ ಸಾಹಿತ್ಯಚರಿತ್ರಕಾರರು ಗ್ರಂಥಗಳನ್ನೆಣಿಸುವರು. ಗ್ರಂಥಕರ್ತರೂ ಅವರ ಸ್ನೇಹಿತರೂ ಪರಸ್ಪರ ಬರೆದುಕೊಂಡ ಓಲೆಗಳನ್ನು ಯಾರೂ ಎಣಿಸುವುದಿಲ್ಲ. ಇದರಿಂದ ಎಂತಹ ಹಾನಿಯಾದೀತೆಂಬುದಕ್ಕೆ ಮುದ್ದಣ ಕವಿಯ ವೃತ್ತಾಂತವೇ ಸಾಕು.

ನಂದಳಿಕೆಯ ಲಕ್ಷ್ಮೀನಾರಣಪ್ಪನೆಂಬ ಈ ಕವಿಯು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದನು. ಪ್ರಾಚೀನ ಕಾವ್ಯಗಳನ್ನು ಅಚ್ಚಿಸುತ್ತಿದ್ದ ರಾಮಾನುಜಯ್ಯಂಗಾರ್ಯರೂ ನರಸಿಂಹಾಚಾರ್ಯರೂ ದೂರದ ಮೈಸೂರಿನಲ್ಲಿದ್ದರು. ಉಭಯರಿಗೂ ಸಂಬಂಧವನ್ನು ಕಲ್ಪಿಸಿದುದು ಟಪಾಲು. ಅದ್ಭುತ ರಾಮಾಯಣವು 1895ರಲ್ಲಿಯೂ ಶ್ರೀರಾಮ ಪಟ್ಟಾಭಿಷೇಕವು 1896ರಲ್ಲಿಯೂ ಹೀಗೆಯೇ ಬೆಳಕು ಕಂಡವು. ಕವಿಯಾದರೋ ತನ್ನ ಹೆಸರನ್ನು ಮರೆಸಿ, ಇವು ಹಳಬರ ಕೃತಿಗಳೆಂದೇ ಎಣಿಕೆಯಾಗುವಂತೆ ಮಾಡಿದನು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಕ್ಷಯದಿಂದ ತೀರಿಕೊಂಡನು. ಮಳಲಿ ಸುಬ್ಬರಾಯರಂತಹ ಮಿತ್ರರು ಆ ಗುಟ್ಟನ್ನು ಬಲ್ಲವರಾಗಿರದಿದ್ದರೆ ರಾಮಾಶ್ವಮೇಧದ ಕರ್ತೃವನ್ನು ನಾವು ಇಂದಿಗೂ ಯಾವ ಶತಮಾನದಲ್ಲಿ ಹುಡುಕುತ್ತಿದ್ದೆವೋ!

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುವುದು. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿದುದರಿಂದ, ಆಡಳಿತದಲ್ಲಿ ಅಗಲಿದ ದಕ್ಷಿಣದ ಬಂಧುಗಳೊಡನೆ ಕಾಗದವೇ ಮಾತಾಯಿತು. 1854ರಿಂದ ಅರ್ಧಾಣೆಗೆ ಪತ್ರವೂ 1879ರಿಂದ ಕಾಲಾಣೆಗೆ ಕಾರ್ಡೂ ಹೋಗುತ್ತಿದ್ದ ಕಾಲವದು. ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಗಳು ಕನ್ಯಾವಿಕ್ರಯವನ್ನು ಖಂಡಿಸಿ 1887ರಲ್ಲಿ ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನವನ್ನು ಪ್ರಕಟಿಸಿದರು. ಹವ್ಯಕರ ಮನೆಮಾತನ್ನೇ ರಂಗಕ್ಕೆ ತಂದ ಆ ನಾಟಕವನ್ನೋದಿ ಹವ್ಯಕರ ಮನೆಗಳಲ್ಲಿ ಯಾರೊಬ್ಬರೂ ನಗೆಯನ್ನಾಗಲಿ ಸಿಟ್ಟನ್ನಾಗಲಿ ಮಿತ್ರರಿಗೆ ಬರೆದು ತಿಳಿಸಲಿಲ್ಲವೆಂದರೆ ನಾವು ನಂಬಲಾರೆವು.

ಅಂತಹ ಕಾಗದಗಳ ಗತಿಯೇನು? ಮನೆ ಪಾಲಾಗುವಾಗ ಜಮೀನಿನ ದಸ್ತೈವಜುಗಳೂ ಅಡಿಕೆಯ ಲೆಕ್ಕಗಳೂ ಜೋಪಾನವಾಗಿ ಪೆಟ್ಟಿಗೆ ಸೇರುತ್ತವೆ. ಉಳಿದ ಕಟ್ಟು ಬಚ್ಚಲ ಒಲೆಗೆ ಬೀಳುತ್ತದೆ. ಒಲೆಯನ್ನು ತಪ್ಪಿಸಿಕೊಂಡುದನ್ನು ಗೆದ್ದಲೂ ಮಲೆನಾಡಿನ ಮಳೆಗಾಲದ ಥಂಡಿಯೂ ಬಿಡುವುದಿಲ್ಲ. ಅಂಚೆಚೀಟಿಯ ಮೋಹದಿಂದ ಮೂಲೆಯನ್ನು ಕತ್ತರಿಸಿಕೊಳ್ಳುವ ಮಹಾಶಯರು ಬೇರೆ! ಚೀಟಿಯೊಡನೆ ಊರು ತೇದಿಗಳ ಮುದ್ರೆಯೂ ಹೋಗುವುದೆಂಬುದನ್ನು ಅವರು ಯೋಚಿಸಬೇಡವೇ?

ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘವಿದೆ. 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಮೂಲವನ್ನು ಕೊಡಲು ಮನಸ್ಸಾಗದ ಯಜಮಾನರು ಪ್ರತಿಯನ್ನಾದರೂ ಕೊಡಬಹುದು. ಮೂರೂ ತಾಲೂಕುಗಳ ಶಿಕ್ಷಕರೂ ಅಧಿಕಾರಿಗಳೂ ಮುಂದಿನ ಮಳೆಗಾಲಕ್ಕೆ ಮೊದಲೇ ತಂತಮ್ಮ ಮನೆಯ ಅಟ್ಟದಿಂದಲೇ ಈ ಕೆಲಸವನ್ನು ಆರಂಭಿಸಬೇಕೆಂದು ಬೇಡುತ್ತೇವೆ.