ವೋಲ್ಟು ಅಳೆಯುವುದನ್ನೂ ಕಲಿಯಬೇಕೆ?

ಸಂಜೆಯ ಹೊತ್ತು ನಮ್ಮ ವಾಚನಾಲಯಕ್ಕೆ ಬಂದು ಪತ್ರಿಕೆ ತಿರುವಿ ಹೋಗುವ ಮಿತ್ರರಲ್ಲಿ ಬಹುಮಂದಿ ಆಟೋನಗರದಲ್ಲಿ ದುಡಿಯುವವರು. ಒಬ್ಬರು ಬ್ಯಾಟರಿ ಅಂಗಡಿಯಲ್ಲಿ, ಒಬ್ಬರು ಲಾರಿಗೆ ಬಾಡಿ ಕಟ್ಟುವಲ್ಲಿ, ಮತ್ತೆ ಕೆಲವರು ನನ್ನಂತೆ ಲೆಕ್ಕ ಬರೆಯುವವರು. ಈಚೆಗೆ ಅವರಲ್ಲೊಬ್ಬರು ನನ್ನನ್ನು ಕೇಳಿದರು: “ನಮ್ಮ ಹುಡುಗ ವಿದ್ಯುದ್ರಸಾಯನದ ಅಳತೆಗಳ ತರಬೇತಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಐದು ದಿನದ ಪಾಠವಂತೆ. ಮೀಟರಿನ ಎರಡು ತಂತಿ ತಾಗಿಸಿದರೆ ಅಂಕಿ ತಾನೇ ಬರುತ್ತದೆ. ಅದನ್ನು ಕಲಿಯಲು ಐದು ದಿನ ಏತಕ್ಕೆ?”

ಈ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ಕೇಳಿದವನೇ. ಅದಕ್ಕೆ ಉತ್ತರ ತಿಳಿದದ್ದು ಒಬ್ಬ ಬಡಪಾಯಿಯ ಸಂಬಳ ಹೋದ ಮೇಲೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ವಿಶಾಖಪಟ್ಟಣಕ್ಕೆ ಬರುವ ಮುಂಚೆ ನಾನು ವಿಜಯವಾಡದ ಆಟೋನಗರದಲ್ಲಿ ಒಂದು ಲಾರಿ ಕಚೇರಿಯ ಗುಮಾಸ್ತನಾಗಿದ್ದೆ. ಚಾರ್ಜಿಗೆ ಹೋದ ಬ್ಯಾಟರಿಗಳು ಹಿಂತಿರುಗಿದಾಗ ಮೀಟರು ಹಿಡಿದು ವೋಲ್ಟು ನೋಡಿ ರಿಜಿಸ್ಟರಿಗೆ ಏರಿಸುವುದೂ ನನ್ನ ಕೆಲಸವಾಗಿತ್ತು. ಒಂದು ರಾತ್ರಿ, ಚಾರ್ಜರಿನಿಂದ ಆಗಷ್ಟೇ ಬಿಡಿಸಿ ತಂದ ಬ್ಯಾಟರಿ 12.7 ತೋರಿಸಿತು. ‘12.7, ಒಳ್ಳೆಯದು’ ಎಂದು ಬರೆದು ಮನೆಗೆ ಹೋದೆ. ಬೆಳಗಿನ ಜಾವ ಸರಕು ತುಂಬಿ ನಿಂತಿದ್ದ ಲಾರಿ ಸ್ಟಾರ್ಟ್ ಆಗಲಿಲ್ಲ. ಡ್ರೈವರು ರಾಯಚೂರಿನ ಕಡೆಯವನು, ಮಿತಭಾಷಿ. ಕ್ಯಾಬಿನ್ನಿನ ದೀಪ ಹಾಕಿಕೊಂಡೇ ಮಲಗಿದನೆಂದು ಅವನ ಮೇಲೆ ಅಪವಾದ ಬಂತು. ಅವನು ಇಲ್ಲವೆಂದ. “ರಾತ್ರಿ 12.7 ಇತ್ತೆಂದು ರಿಜಿಸ್ಟರೇ ಹೇಳುತ್ತದಲ್ಲ” ಎಂದರು. ಹತ್ತು ದಿನದ ಸಂಬಳ ಮುರಿದರು. ಸಾಕ್ಷಿ ನನ್ನ ಅಕ್ಷರವೇ.

ಆ ಅಂಕಿ ಸುಳ್ಳಾಗಿರಲಿಲ್ಲ. ನೋಡಿದ ಹೊತ್ತು ತಪ್ಪಾಗಿತ್ತು. ಇದು ನನಗೆ ತಿಳಿದದ್ದು ಎರಡು ವರ್ಷದ ಬಳಿಕ, ಇಂಥದೇ ಒಂದು ತರಬೇತಿಯ ಎರಡನೆಯ ದಿನ. ಸಂಗತಿ ಹೀಗಿದೆ. ಸೀಸದ ಬ್ಯಾಟರಿಯನ್ನು ಚಾರ್ಜು ಮಾಡುವಾಗ ಫಲಕಗಳ ಒಳಗಿನ ಸಣ್ಣ ರಂಧ್ರಗಳಲ್ಲಿ ಗಂಧಕಾಮ್ಲ ಹುಟ್ಟುತ್ತದೆ. ಅದು ಹೊರಗೆ ಹರಡಿ ಉಳಿದ ದ್ರವದೊಡನೆ ಬೆರೆಯಲು ಗಂಟೆಗಟ್ಟಲೆ ಬೇಕು. ಕಾಫಿಗೆ ಸಕ್ಕರೆ ಹಾಕಿ ಕಲಕದೆ ಬಿಟ್ಟರೆ ತಳದಲ್ಲಿ ಪಾಯಸ, ಮೇಲೆ ಕಷಾಯ ಇರುತ್ತದಲ್ಲವೆ? ಫಲಕವು ತನ್ನ ಮೈಗೆ ತಾಗಿದ ಗಟ್ಟಿ ಆಮ್ಲವನ್ನಷ್ಟೇ ಬಲ್ಲದು; ಅದಕ್ಕೆ ತಕ್ಕ ವೋಲ್ಟನ್ನು ತೋರಿಸುತ್ತದೆ. ಮೆಕ್ಯಾನಿಕ್ಕರು ಇದನ್ನು ಮೇಲ್ಚಾರ್ಜು ಎನ್ನುತ್ತಾರೆ. ನಾಲ್ಕಾರು ಗಂಟೆ ಸುಮ್ಮನೆ ಬಿಟ್ಟು, ಇಲ್ಲವೆ ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ ಆರಿಸಿ, ತುಸು ತಡೆದು ನೋಡಿದ್ದರೆ ಬೇರೆ ಅಂಕಿ ಬರುತ್ತಿತ್ತು. ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬಿದಾಗ ವಿಶ್ರಾಂತಿಯಲ್ಲಿ ಸುಮಾರು 12.6ರಿಂದ 12.7, ಅದೇ 12.0ಕ್ಕೆ ಇಳಿದರೆ ಮುಕ್ಕಾಲು ಪಾಲು ಬರಿದಾಯಿತೆಂದೇ ಲೆಕ್ಕ. ಸಮೃದ್ಧಿಗೂ ದಾರಿದ್ರ್ಯಕ್ಕೂ ನಡುವೆ ಒಂದು ವೋಲ್ಟೂ ಇಲ್ಲ. ಇಂಥಲ್ಲಿ ಅವಸರದ ಅಳತೆ ಮಾಡುವ ಅನ್ಯಾಯ ಎಷ್ಟೆಂದು ಯೋಚಿಸಿ.

ಹೊತ್ತಿನಂತೆಯೇ ಶಾಖವೂ ಒಂದು. ಆಮ್ಲದ ಸಾಂದ್ರತೆ ನೋಡುವ ಹೈಡ್ರೋಮೀಟರಿನ ಅಂಕಿ 27 ಡಿಗ್ರಿಗೆಂದು ಲೆಕ್ಕ ಹಾಕಿದ್ದು. ಮೇಲಿನ ಒಂದೊಂದು ಡಿಗ್ರಿಗೆ ಸುಮಾರು 0.0007 ಕೂಡಿಸಬೇಕು. ಮೇ ತಿಂಗಳಲ್ಲಿ ವಿಜಯವಾಡದ ಶೆಡ್ಡಿನೊಳಗೆ ಆಮ್ಲದ ಬಿಸಿ 45 ಇದ್ದು, ನೀವು 1.240 ಎಂದು ಓದಿದರೆ, ಅದು ನಿಜಕ್ಕೆ 1.253ರ ಹತ್ತಿರ. ಒಳ್ಳೆಯ ಬ್ಯಾಟರಿಯನ್ನು ಸುಮ್ಮನೆ ಕಂಡೆಮ್ ಮಾಡುವುದಕ್ಕೆ ಇಷ್ಟೇ ಸಾಕು.

ಇನ್ನು ಮೂರನೆಯ ಮಾತು. ತರಬೇತಿಯ ಜೀವಾಳವೇ ಇದು. ವೋಲ್ಟು ಎಂಬುದು ಒಂದು ವಸ್ತುವಿನ ಗುಣವಲ್ಲ, ಎರಡರ ನಡುವಿನ ಅಂತರ. ಎರಡು ಅಕ್ಕಿ ಮೂಟೆಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟರೆ ಯಾವುದು ಭಾರವೆಂದು ತಿಳಿದೀತು. ಯಾವುದರ ತೂಕ ಎಷ್ಟೆಂದು ತಿಳಿಯದು. ಅದಕ್ಕೆ ಸರಕಾರದ ಮುದ್ರೆಯೊತ್ತಿದ ತೂಕದ ಕಲ್ಲು ಬೇಕು. ಹಾಗೆಯೇ ಬ್ಯಾಟರಿಯ ಒಂದು ಕೋಶ 2.1ಕ್ಕೆ ಬದಲು 1.8 ತೋರಿಸಿದರೆ, ಕೆಟ್ಟದ್ದು ಧನಫಲಕವೋ ಋಣಫಲಕವೋ ಎಂದು ಎರಡು ತಂತಿಯ ಮೀಟರು ಹೇಳಲಾರದು. ಹಳೆಯ ಕಾಲದ ಬ್ಯಾಟರಿ ಮೇಸ್ತ್ರಿಗಳು ಇದಕ್ಕೆ ಕ್ಯಾಡ್ಮಿಯಂ ಲೋಹದ ಒಂದು ಕಡ್ಡಿಯನ್ನು ಇಟ್ಟುಕೊಂಡಿದ್ದರು. ಮುಚ್ಚಳ ತೆಗೆದು ಫಲಕಗಳಿಗೆ ತಾಗದಂತೆ ಆಮ್ಲದಲ್ಲಿ ಅದ್ದಿ, ಒಂದೊಂದು ಫಲಕವನ್ನೂ ಆ ಕಡ್ಡಿಗೆ ಎದುರಾಗಿ ಅಳೆಯುತ್ತಿದ್ದರು. ಧನಫಲಕ ಎರಡು ವೋಲ್ಟಿನ ಆಸುಪಾಸು, ಋಣಫಲಕ ಸೊನ್ನೆಯ ಆಸುಪಾಸು ಬಂದರೆ ಸರಿ. ಯಾವುದು ತಪ್ಪಿತೋ ಅದೇ ರೋಗಿ. ಮುಚ್ಚಳವೇ ಇಲ್ಲದ ಈಗಿನ ಬ್ಯಾಟರಿಗಳಿಗೆ ಈ ಉಪಾಯ ನಡೆಯದು. ನೀರು ಹಾಕುವ ಇನ್ವರ್ಟರ್ ಬ್ಯಾಟರಿಗಳಿಗೆ ಇಂದೂ ನಡೆಯುತ್ತದೆ. ಆದರೆ ಕ್ಯಾಡ್ಮಿಯಂ ವಿಷ, ಆಮ್ಲ ಕಣ್ಣಿಗೆ ಶತ್ರು, ಚಾರ್ಜಾಗುವ ಬ್ಯಾಟರಿಯಿಂದ ಬರುವ ಜಲಜನಕ ಒಂದು ಕಿಡಿಗೆ ಸಿಡಿಯುತ್ತದೆ. ಕಲಿತವರ ಪಕ್ಕದಲ್ಲಿ ನಿಂತು ಕಲಿಯಬೇಕಾದ ಕೆಲಸವಿದು, ಓದಿ ಮಾಡುವುದಲ್ಲ.

ಆ ಕ್ಯಾಡ್ಮಿಯಂ ಕಡ್ಡಿಯಂಥ ಸ್ಥಿರವಾದ ಮೂರನೆಯವನಿಗೆ ಆಧಾರ ವಿದ್ಯುದ್ವಾರವೆಂದು ಹೆಸರು. ಬ್ಯಾಟರಿಯಲ್ಲಷ್ಟೇ ಅಲ್ಲ, ತುಕ್ಕಿನ ಲೆಕ್ಕಕ್ಕೂ ಅದೇ ಬೇಕು. (ತೆಲುಗಿನಲ್ಲಿ ತುಕ್ಕಿಗೆ ‘ತುಪ್ಪು’ ಎನ್ನುತ್ತಾರೆ. ನಾನು ಹೊಸದಾಗಿ ಬಂದಾಗ ಮೇಸ್ತ್ರಿಯೊಬ್ಬರು ಚಾಸಿಗೆ ‘ತುಪ್ಪು ಪಟ್ಟಿಂದಿ’ ಎಂದರೆ, ಇವರು ಕಬ್ಬಿಣಕ್ಕೂ ತುಪ್ಪ ಹಚ್ಚುತ್ತಾರೆಯೇ ಎಂದು ಬೆರಗಾಗಿದ್ದೆ.) ವಿಶಾಖಪಟ್ಟಣದ ಉಪ್ಪುಗಾಳಿಯಲ್ಲಿ ಈ ತುಪ್ಪದ ಮಹಿಮೆ ವಿಜಯವಾಡಕ್ಕಿಂತ ಹೆಚ್ಚೆಂಬುದನ್ನು ಎರಡೂ ಊರುಗಳಲ್ಲಿ ಲಾರಿ ಕಂಡವರು ಬಲ್ಲರು. ತುಕ್ಕೆಂದರೆ ಬ್ಯಾಟರಿಯೇ, ಯಾರಿಗೂ ಬೇಡವಾದ ಬ್ಯಾಟರಿ. ಕಬ್ಬಿಣದ ಒಂದು ಮೂಲೆ ಋಣ, ಇನ್ನೊಂದು ಮೂಲೆ ಧನ, ನಡುವೆ ಉಪ್ಪುನೀರು.

ಇದನ್ನು ಸಮುದ್ರದ ಮೇಲೆ ಪಳಗಿಸಲು ಮೊದಲು ಹೊರಟವನು ಇಂಗ್ಲೆಂಡಿನ ಹಂಫ್ರಿ ಡೇವಿ. ಆಗಿನ ಯುದ್ಧನೌಕೆಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಅದು ಉಪ್ಪುನೀರಿಗೆ ಸವೆಯುತ್ತಿತ್ತು. 1824ರಲ್ಲಿ ಡೇವಿ ತಾಮ್ರಕ್ಕೆ ಸತು ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸಿದ. ತಾಮ್ರಕ್ಕೆ ಬದಲು ಆ ತುಂಡುಗಳೇ ಸವೆದು ತಾಮ್ರ ಉಳಿಯಿತು. ಆದರೆ ನೀರಿಗೆ ಕರಗುವ ತಾಮ್ರವೇ ಹಡಗಿನ ತಳಕ್ಕೆ ಚಿಪ್ಪು, ಪಾಚಿ ಅಂಟದಂತೆ ಕಾಯುತ್ತಿತ್ತು! ತಾಮ್ರ ಕರಗುವುದು ನಿಂತೊಡನೆ ತಳದ ತುಂಬ ಚಿಪ್ಪು ಬೆಳೆದು ಹಡಗುಗಳ ವೇಗ ಕುಗ್ಗಿತು. ನೌಕಾಪಡೆ ಉಪಾಯವನ್ನೇ ಕೈಬಿಟ್ಟಿತು. ಇಂದಿನ ಉಕ್ಕಿನ ಹಡಗುಗಳಿಗೆ ಆ ತೊಡಕಿಲ್ಲ. ತಳಕ್ಕೆ ಜೋಡಿಸುವ ಸತುವಿನ ಗಟ್ಟಿಗಳು ಡೇವಿಯ ಮೊಮ್ಮಕ್ಕಳೇ.

ಉಕ್ಕು ಸುರಕ್ಷಿತವಾಗಿದೆಯೇ ಎಂದು ನೋಡುವುದು ಹೇಗೆ? ಕಡಲನೀರಿನಲ್ಲಿ ಬೆಳ್ಳಿಯ ಆಧಾರ ವಿದ್ಯುದ್ವಾರವನ್ನು ಇಳಿಬಿಟ್ಟು ಅಳೆಯುತ್ತಾರೆ. ಸೊನ್ನೆಗಿಂತ ಕೆಳಗೆ 0.80 ವೋಲ್ಟು, ಅಥವಾ ಇನ್ನೂ ಕೆಳಗೆ ಇರಬೇಕು. ನೆಲದಲ್ಲಿ ಹೂತ ಕೊಳವೆಗಾದರೆ ತಾಮ್ರದ ವಿದ್ಯುದ್ವಾರ, 0.85. ಇದು ಇನ್ನೇನೂ ಅಲ್ಲ: ಮೈಲುತುತ್ತದ ಗಟ್ಟಿ ದ್ರಾವಣ ತುಂಬಿದ ಒಂದು ಕೊಳವೆ, ಒಳಗೆ ತಾಮ್ರದ ಕಡ್ಡಿ, ತಳದಲ್ಲಿ ದ್ರವ ಜಿನುಗುವ ಬಿರಡೆ. ಮಲೆನಾಡಿನಿಂದ ಬಂದ ಮಿತ್ರರಿಗೆ ಮೈಲುತುತ್ತ ಹೊಸದಲ್ಲ. ಅಡಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಸಿಂಪಡಿಸುವುದು ಅದನ್ನೇ. ವಿಶಾಖಪಟ್ಟಣದಿಂದ ವಿಜಯವಾಡದ ಮಾರ್ಗವಾಗಿ ಸಿಕಂದರಾಬಾದಿಗೆ ಹಿಂದುಸ್ತಾನ್ ಪೆಟ್ರೋಲಿಯಂನವರ ಎಣ್ಣೆಯ ಕೊಳವೆ ನೆಲದೊಳಗೆ ಹೋಗುತ್ತದೆ. ಇಂಥ ಕೊಳವೆಗಳ ದಾರಿಯುದ್ದಕ್ಕೂ ಹೊಲದ ಅಂಚಿನಲ್ಲಿ ಕಾಣುವ ಮೋಟು ಕಂಬಗಳು ಅಳತೆಯ ಕಂಬಗಳು. ಕೊಳವೆಯಿಂದ ಬಂದ ತಂತಿ ಅಲ್ಲಿ ಸಿಗುತ್ತದೆ. ತಾಮ್ರದ ವಿದ್ಯುದ್ವಾರವನ್ನು ಒದ್ದೆ ಮಣ್ಣಿಗೆ ಊರಿ ನೋಡುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ಕೊಳವೆಯನ್ನು ಕಾಯಲೆಂದು ನೆಲದ ಮೂಲಕ ವಿದ್ಯುತ್ತು ಹರಿಸಿರುತ್ತಾರೆ. ಹರಿಯುತ್ತಿರುವಾಗ ಅಳೆದರೆ ಮಣ್ಣಿನ ತಡೆಗೆ ತೆತ್ತ ವೋಲ್ಟೂ ಸೇರಿಕೊಂಡು ಅಂಕಿ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ವಿದ್ಯುತ್ತನ್ನು ಕ್ಷಣಮಾತ್ರ ನಿಲ್ಲಿಸಿ, ನಿಲ್ಲಿಸಿದ ಕೂಡಲೇ ಓದಬೇಕು. ತಡಮಾಡಿದರೆ ಕೊಳವೆಯ ನಿಜವಾದ ಸ್ಥಿತಿಯೂ ಜಾರಿಹೋಗುತ್ತದೆ. ಬ್ಯಾಟರಿಗೆ ಗಂಟೆಗಟ್ಟಲೆ ಕಾಯಬೇಕು. ಕೊಳವೆಗೆ ಒಂದು ಸೆಕೆಂಡೂ ಕಾಯಬಾರದು. ಮೀಟರು ಒಂದೇ, ಅಭ್ಯಾಸ ತದ್ವಿರುದ್ಧ! ಐದು ದಿನ ಏತಕ್ಕೆಂದು ಕೇಳಿದ ಮಿತ್ರರಿಗೆ ನಾನು ಮೊದಲು ಹೇಳಿದ್ದು ಇದನ್ನೇ.

ತರಬೇತಿಯಲ್ಲಿ ನಮ್ಮನ್ನು ಕೂಡಿಸಿದ್ದು ಒಂದು ಗಾಜಿನ ಬಟ್ಟಲಿನ ಮುಂದೆ. ನೂರಕ್ಕೆ ಮೂರೂವರೆ ಪಾಲು ಉಪ್ಪು ಬೆರೆಸಿದ ನೀರು, ಅದರಲ್ಲಿ ಮೂರು ಕಡ್ಡಿ: ಪರೀಕ್ಷೆಗಿಟ್ಟ ಉಕ್ಕು, ಆಧಾರ ವಿದ್ಯುದ್ವಾರ, ಮತ್ತು ವಿದ್ಯುತ್ತನ್ನು ಹೊರಲೆಂದೇ ಇಟ್ಟ ಎದುರು ವಿದ್ಯುದ್ವಾರ. ಮೂರನೆಯದು ಏಕೆಂದರೆ, ಆಧಾರದ ಮೂಲಕವೇ ವಿದ್ಯುತ್ತು ಹರಿಸಿದರೆ ಅದರ ಸ್ಥಿರತೆ ಕೆಡುತ್ತದೆ. ತೂಕದ ಕಲ್ಲನ್ನೇ ಸುತ್ತಿಗೆ ಮಾಡಿಕೊಂಡರೆ ಸವೆಯದಿದ್ದೀತೆ? ಈ ಮೂವರನ್ನೂ ಹದ್ದಿನಲ್ಲಿಡುವ ಪೆಟ್ಟಿಗೆಗೆ ಪೊಟೆನ್ಶಿಯೋಸ್ಟಾಟ್ ಎನ್ನುತ್ತಾರೆ. 1942ರಲ್ಲಿ ಇಂಗ್ಲೆಂಡಿನ ಹಿಕ್ಲಿಂಗ್ ಎಂಬವರು ಮಾಡಿ ತೋರಿಸಿದ್ದು. ವೋಲ್ಟನ್ನು ಅತ್ತಿತ್ತ ತುಸುವೇ ಸರಿಸಿ, ಎಷ್ಟು ವಿದ್ಯುತ್ತು ಹರಿಯಿತೆಂದು ನೋಡಿ, ತುಕ್ಕು ಹಿಡಿಯುವ ವೇಗವನ್ನು ಗಂಟೆಯೊಳಗೆ ಲೆಕ್ಕ ಹಾಕಬಹುದು. ಚದರ ಸೆಂಟಿಮೀಟರಿಗೆ 1 ಮೈಕ್ರೋಆಂಪಿಯರ್ ಎಂದರೆ ಕಬ್ಬಿಣ ವರ್ಷಕ್ಕೆ 0.0116 ಮಿಲಿಮೀಟರು ಸವೆಯುತ್ತದೆ; 100 ಎಂದರೆ ಒಂದು ಮಿಲಿಮೀಟರಿಗೂ ಮೇಲೆ.

ಆದರೆ ನನ್ನ ಮೊದಲ ದಿನ ಪೂರ್ತಿ ಹೋದದ್ದು ಇದಾವುದರಲ್ಲೂ ಅಲ್ಲ, ಉಕ್ಕಿನ ತುಂಡನ್ನು ಎಮರಿ ಕಾಗದದಲ್ಲಿ ಉಜ್ಜುವುದರಲ್ಲಿ. ಒರಟು ಕಾಗದ, ನಯ ಕಾಗದ, ಮತ್ತೂ ನಯ. ಎಂಜಿನಿಯರಿಂಗ್ ಓದಿದ ಹುಡುಗರು ಬೇಸರಪಟ್ಟರು. ವರ್ಕ್‌ಷಾಪಿನಿಂದ ಬಂದ ಫಿಟ್ಟರೊಬ್ಬರು ಎಲ್ಲರಿಗಿಂತ ಮುಂಚೆ ಕನ್ನಡಿಯಂತೆ ಹೊಳೆಸಿ ಕೂತರು. ಮರುದಿನ ಮಧ್ಯಾಹ್ನ ನನ್ನ ಅಂಕಿ ಕುಣಿಯತೊಡಗಿತು. ಯಾರಾದರೂ ಪಕ್ಕದಲ್ಲಿ ಹಾದುಹೋದರೆ ಸಾಕು, ಮೇಲೆ ಕೆಳಗೆ. ಯಂತ್ರ ಕೆಟ್ಟಿದೆ ಎಂದೆ. ಗುರುಗಳು ಮಾತಾಡದೆ ಆಧಾರ ವಿದ್ಯುದ್ವಾರವನ್ನು ತೆಗೆದು, ಜ್ವರದ ಥರ್ಮಾಮೀಟರಿನಂತೆ ಒದರಿ ಮತ್ತೆ ಇಟ್ಟರು. ಒಳಗೆ ಸೇರಿದ್ದ ಒಂದು ಗಾಳಿಗುಳ್ಳೆ ಮೇಲೆ ಬಂತು, ಅಂಕಿ ನಿಂತಿತು. ಇದು ಯಾವ ಪುಸ್ತಕದಲ್ಲಿಯೂ ಇಲ್ಲವೆಂದಲ್ಲ. ಪುಸ್ತಕದಲ್ಲಿ ಓದಿದರೆ ನೆನಪಿರುವುದಿಲ್ಲ, ಅಷ್ಟೆ. ಕ್ಲಿಪ್ಪು ಸಡಿಲ, ಕೆಂಪು ತಂತಿ ಕಪ್ಪಿನ ಜಾಗದಲ್ಲಿ, ಒಣಗಿಹೋದ ಬಿರಡೆ: ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪ್ರಸಾದ.

ಇಂಥ ವಿದ್ಯೆಗೆ ನಮ್ಮ ದೇಶದಲ್ಲಿ ತವರುಮನೆ ತಮಿಳುನಾಡಿನ ಕಾರೈಕುಡಿ. ಅಳಗಪ್ಪ ಚೆಟ್ಟಿಯಾರ್ ಅವರು 300 ಎಕರೆ ನೆಲವನ್ನೂ 15 ಲಕ್ಷ ರೂಪಾಯಿಯನ್ನೂ ಕೊಟ್ಟರು. 1948ರ ಜುಲೈ 25ರಂದು ನೆಹರು ಅವರು ಶಂಕುಸ್ಥಾಪನೆ ಮಾಡಿದರು, 1953ರ ಜನವರಿ 14ರಂದು ರಾಧಾಕೃಷ್ಣನ್ ಅವರು ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯವನ್ನು ಉದ್ಘಾಟಿಸಿದರು. ಬ್ಯಾಟರಿ, ಲೇಪನ, ತುಕ್ಕು, ಎಲ್ಲವೂ ಅಲ್ಲುಂಟು. ಕಡಲಗಾಳಿಗೆ ಲೋಹವನ್ನು ಒಡ್ಡಿ ನೋಡಲು ಮಂಡಪಂನಲ್ಲಿ ಅದರದೇ ಕೇಂದ್ರವೊಂದಿದೆ. ಕೆಲಸಗಾರರಿಗೂ ತಂತ್ರಜ್ಞರಿಗೂ ಅಲ್ಪಾವಧಿಯ ತರಬೇತಿಗಳನ್ನು ಅವರು ನಡೆಸುತ್ತಾರೆ. ನಮ್ಮ ಬೆಂಗಳೂರಿನಲ್ಲಿ, ವಿಜ್ಞಾನ ಮಂದಿರದ ಆವರಣದಲ್ಲಿ, 1964ರಲ್ಲಿ ಸ್ಥಾಪನೆಯಾದ ಭಾರತದ ವಿದ್ಯುದ್ರಸಾಯನ ಸಂಘವಿದೆ. ಕೊಳವೆ, ಹಡಗಿನ ಕೆಲಸಕ್ಕೆ ಹೊರದೇಶಕ್ಕೆ ಹೋಗಬಯಸುವವರು ಅಮೆರಿಕದ ಆಂಪ್ ಸಂಸ್ಥೆಯ ಪರೀಕ್ಷಕ ಪತ್ರವನ್ನು ಪಡೆಯುವುದುಂಟು. 2021ರವರೆಗೆ ಅದು ನೇಸ್ ಎಂಬ ಹೆಸರಿನಲ್ಲಿತ್ತು. ಎಲ್ಲಿಗೇ ಹೋಗಲಿ, ಹಣ ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ಒಂದು ಯಂತ್ರಕ್ಕೆ ಎಷ್ಟು ಜನ? ಇಬ್ಬರು ಮೂವರಾದರೆ ಕಲಿಯಬಹುದು. ಇಪ್ಪತ್ತು ಜನ ಸುತ್ತ ನಿಂತು ಒಬ್ಬರು ಮಾಡುವುದನ್ನು ನೋಡುವುದಾದರೆ ಕೊನೆಗೆ ಸಿಗುವುದು ಸರ್ಟಿಫಿಕೇಟು ಮಾತ್ರ.

ಅಂಗಡಿಯವರಿಗೆ ಯಂತ್ರ ಬೇಕೆಂದೇನೂ ಇಲ್ಲ. ಹತ್ತು ಮೆಗಾ ಓಮಿನ ಸಾಧಾರಣ ಡಿಜಿಟಲ್ ಮೀಟರು, ಒಂದು ಹೈಡ್ರೋಮೀಟರು, ಒಂದು ಥರ್ಮಾಮೀಟರು, ಗೋಡೆಯ ಗಡಿಯಾರ. ಮುಳ್ಳಿನ ಹಳೆಯ ಮೀಟರನ್ನು ಮಾತ್ರ ಆಧಾರ ವಿದ್ಯುದ್ವಾರಕ್ಕೆ ಕಟ್ಟಬೇಡಿ. ಅದು ತನ್ನ ಮುಳ್ಳು ತಿರುಗಿಸಲು ತಾನೇ ವಿದ್ಯುತ್ತು ಕುಡಿದು ಅಂಕಿಯನ್ನು ಕೆಡಿಸುತ್ತದೆ.

ತರಬೇತಿ ಮುಗಿಸಿ ಬಂದ ಮೇಲೆ ರಾಯಚೂರಿನ ಆ ಡ್ರೈವರನ್ನು ಹುಡುಕಿಸಿದೆ. ಅವನು ಅಷ್ಟರಲ್ಲಿ ಆ ಕೆಲಸ ಬಿಟ್ಟಿದ್ದ. ಕಚೇರಿಯವರಿಗೆ ಕಾಗದ ಬರೆದೆ, ಉತ್ತರ ಬರಲಿಲ್ಲ. ಈಗ ನಾನಿರುವ ಅಂಗಡಿಯ ರಿಜಿಸ್ಟರಿನಲ್ಲಿ ವೋಲ್ಟಿನ ಪಕ್ಕ ಎರಡು ಮನೆ ಹೆಚ್ಚಾಗಿ ಗೆರೆ ಹಾಕಿದ್ದೇನೆ: ಚಾರ್ಜರಿನಿಂದ ಬಿಡಿಸಿ ಎಷ್ಟು ಗಂಟೆ, ಆಮ್ಲದ ಬಿಸಿ ಎಷ್ಟು. ಮಾಲೀಕರು ಮೊದಲು ಇದು ಕಾಗದ ದಂಡವೆಂದರು. ಮೊನ್ನೆ ಒಂದು ಬ್ಯಾಟರಿ ಹಿಂತಿರುಗಿ ಬಂದಾಗ ಅವರೇ ಕನ್ನಡಕ ಹಾಕಿಕೊಂಡು ಆ ಎರಡು ಮನೆಗಳನ್ನು ಓದುತ್ತಿದ್ದರು.