ಸೂತ್ರಧಾರಿಯ ಹೊಣೆ

ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಎಷ್ಟು ಒತ್ತಾಗಿ ನಿಂತಿವೆಯೆಂದರೆ, ಹತ್ತನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದವರೆಗೆ ತುಂಗಭದ್ರೆಯ ಈ ಬಲದಂಡೆಯಲ್ಲಿ ಉಳಿಗೆ ಬಿಡುವು ಸಿಕ್ಕಿದ್ದು ವಿರಳವೆಂದೇ ಹೇಳಬೇಕು. ಬಾಗಳಿಯ ಕಲ್ಲೇಶ್ವರ ಗುಡಿಯ 987ರ ಶಾಸನ ದುಗ್ಗಿಮಯ್ಯನನ್ನು ಹೆಸರಿಸುತ್ತದೆ. ಹಿರೇಹಡಗಲಿಯ ಗುಡಿಯನ್ನು ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ ಕಟ್ಟಿಸಿದನೆಂದು 1057ರ ಶಾಸನ ಹೇಳುತ್ತದೆ. ಹೂವಿನಹಡಗಲಿಯ ಕೇಶವಸ್ವಾಮಿ ಗುಡಿ ರೆಬ್ಬಲದೇವಿಯ ಹೆಸರಿನೊಡನೆ ಉಳಿದಿದೆ. ಹೀಗೆ ಶಾಸನಗಳು ಮೊದಲು ಹೇಳುವುದು ಕಟ್ಟಿಸಿದವರನ್ನು. ಆದರೆ ಪಾಯದ ಅಳತೆಯಿಂದ ಶಿಖರದ ತುದಿಯವರೆಗೆ ಪ್ರತಿಯೊಂದು ಕಲ್ಲಿನ ಜಾಗವನ್ನು ಮನಸ್ಸಿನಲ್ಲಿ ಮೊದಲೇ ಕಂಡು, ಅದು ತಪ್ಪಿದರೆ ತಾನೇ ಉತ್ತರ ಹೇಳಬೇಕಾಗಿದ್ದ ಸೂತ್ರಧಾರಿಯ ಕೆಲಸವೇ ಈ ಗುಡಿಗಳಲ್ಲಿ ಹೆಚ್ಚು ಅರಿಯತಕ್ಕದ್ದು.

ದಕ್ಷಿಣದ ಶಿಲ್ಪಗ್ರಂಥವಾದ ಮಯಮತ ಈ ಕೆಲಸವನ್ನು ನಾಲ್ವರಿಗೆ ಹಂಚುತ್ತದೆ: ಇಡೀ ಕಟ್ಟಡವನ್ನು ಯೋಜಿಸುವ ಸ್ಥಪತಿ, ದಾರ ಹಿಡಿದು ಅಳತೆ ನಡೆಸುವ ಸೂತ್ರಗ್ರಾಹಿ, ಕಲ್ಲು ಮರಗಳನ್ನು ಕಡಿದು ಕೆತ್ತುವ ತಕ್ಷಕ, ಕಡಿದುದನ್ನು ಜೋಡಿಸಿ ನಿಲ್ಲಿಸುವ ವರ್ಧಕಿ. ಸೂತ್ರಗ್ರಾಹಿಯು ಸ್ಥಪತಿಯ ಮಗನೋ ಶಿಷ್ಯನೋ ಆಗಿರಬೇಕೆಂಬ ಮಾತೂ ಅಲ್ಲಿದೆ. ಕನ್ನಡ ಶಾಸನಗಳಲ್ಲಿ ಸೂತ್ರಧಾರಿ, ಓಜ, ಆಚಾರಿ, ಶಿಲ್ಪಿಯೆಂಬ ಅರ್ಥದ ರೂವಾರಿ, ಕಲ್ಲು ಕಡಿಯುವ ಕಲ್ಕುಟಿಗ ಎಂಬ ಹೆಸರುಗಳು ಬರುತ್ತವೆ. ಗ್ರಂಥದಲ್ಲಿ ಬೇರೆಬೇರೆಯಾಗಿ ನಿಂತ ಈ ಕೆಲಸಗಳು ಕಟ್ಟೆಯ ಮೇಲೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಸಾಗಿ, ಕೊನೆಗೆ ಒಂದೇ ತಲೆಯ ಮೇಲೆ ಹೊರೆಯಾಗಿ ಕೂಡುತ್ತಿದ್ದವು.

ಆ ಹೊರೆಯ ಮೊದಲ ಪಾಲು ಕಲ್ಲಿನದು. ಬಾದಾಮಿಯ ಚಾಲುಕ್ಯರ ಶಿಲ್ಪಿಗಳು ಮಲಪ್ರಭೆಯ ತೀರದ ಮರಳುಗಲ್ಲಿನಲ್ಲಿ ದೊಡ್ಡ ದೊಡ್ಡ ದಿಮ್ಮಿಗಳನ್ನು ಹೂಡಿ ಕಟ್ಟಿದರೆ, ಕಲ್ಯಾಣದವರ ಕಾಲಕ್ಕೆ ಬಳಪದ ಕಲ್ಲು ಮುಂದೆ ಬಂತು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಗ್ಗಿ, ಗಾಳಿ ಬಿಸಿಲಿಗೆ ಬಿದ್ದಮೇಲೆ ಗಡುಸಾಗುವ ಈ ಕಲ್ಲು, ತಿರುಗಣೆಯ ಮೇಲೆ ಕಡೆದ ನುಣುಪು ಕಂಬಗಳಿಗೂ ಎಳೆಎಳೆಯಾಗಿ ಬಿಡಿಸಿದ ಬಾಗಿಲುವಾಡಗಳಿಗೂ ಎಡೆಮಾಡಿತು. ಜೊತೆಗೆ ಕಟ್ಟಿಸುವವರ ಆಸೆಯನ್ನೂ ಬೆಳೆಸಿತು. ಸಣ್ಣ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಬೇಕಾದಾಗ, ಕೆಳಗಿನ ಸಾಲಿನಲ್ಲಿ ಬೆರಳಗಲದ ತಪ್ಪು ನುಸುಳಿದರೂ ಅದು ಮೇಲಮೇಲಕ್ಕೆ ಬೆಳೆದು ಶಿಖರದ ರೇಖೆಯನ್ನೇ ಕೆಡಿಸುತ್ತದೆ.

ಎರಡನೆಯ ಪಾಲು ತೊಲೆಯದು. ಕಮಾನನ್ನು ನೆಚ್ಚದ ಈ ಗುಡಿಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಹಾಸಿ ಮಾಡು ಕಟ್ಟುತ್ತಿದ್ದರು. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಬಾಗುವಿಕೆಯನ್ನು ತಾಳದು. ಆದುದರಿಂದ ತೊಲೆ ಎಷ್ಟು ದೂರ ಚಾಚಬಲ್ಲುದೋ ಅಷ್ಟೇ ಕಂಬಗಳ ನಡುವಿನ ಅಂಕಣ. ಈ ಸೀಮೆಯವರು ಇಂದಿಗೂ ಹಳೆಯ ಮಣ್ಣುಮಾಳಿಗೆಯ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುವುದರ ಹಿಂದೆ ಇರುವುದೂ ಇದೇ ವಿವೇಕ. ಬಾಗಳಿಯ ಮಂಟಪದಲ್ಲಿ ಕಂಬಗಳು ಕಿಕ್ಕಿರಿದು ನಿಂತಿರುವುದು ಕೇವಲ ಚೆಲುವಿಗಾಗಿ ಅಲ್ಲ.

ಇದೇ ಕಟ್ಟುಪಾಡಿನಲ್ಲಿ ಕೆಲಸಮಾಡಿದ ಪ್ರಾಚೀನ ಗ್ರೀಸಿನ ಸ್ಥಪತಿಗಳ ಸಂಕಟ ಹೆಚ್ಚು ಬಿಚ್ಚಿ ಬರೆದಿಟ್ಟಿರುವುದರಿಂದ, ಇಲ್ಲಿನವರ ಪಾಡನ್ನು ಊಹಿಸಲು ಅದು ನೆರವಾಗುತ್ತದೆ. ಅಥೆನ್ಸಿನ ಪಾರ್ಥೆನಾನಿನಲ್ಲಿ ಕಂಬಗಳ ಮೇಲಿನ ತೊಲೆಯನ್ನು ಮೂರು ಚಪ್ಪಡಿಗಳನ್ನು ಪಕ್ಕಪಕ್ಕಕ್ಕೆ ನಿಲ್ಲಿಸಿ ಮಾಡಿದ್ದಾರೆ. ಎಫೆಸಸ್ ನಗರದ ಆರ್ಟೆಮಿಸ್ ದೇಗುಲವನ್ನು ಕಟ್ಟಿದ ಖೆರ್ಸಿಫ್ರಾನನು ಬಾಗಿಲ ಮೇಲಿನ ಭಾರಿ ಕಲ್ಲು ತನ್ನ ಜಾಗದಲ್ಲಿ ಕೂರದೆ ಹೋದಾಗ ಸಾಯುವ ಯೋಚನೆಗೂ ಇಳಿದನೆಂದೂ, ಆ ರಾತ್ರಿ ದೇವಿ ಕನಸಿನಲ್ಲಿ ಬಂದು ಅಭಯವಿತ್ತಳೆಂದೂ, ಮರುದಿನ ಕಲ್ಲು ತನ್ನ ಭಾರದಿಂದಲೇ ಸರಿಯಾಗಿ ಕುಳಿತಿತ್ತೆಂದೂ ರೋಮಿನ ಪ್ಲಿನಿ ಬರೆಯುತ್ತಾನೆ. ಕತೆಯ ಪವಾಡವನ್ನು ಬಿಟ್ಟರೂ ಆ ರಾತ್ರಿಯ ತಳಮಳ ನಂಬತಕ್ಕದ್ದೇ. ಅದೇ ನಗರದ ಒಂದು ಹಳೆಯ ಕಟ್ಟಳೆಯನ್ನು ವಿಟ್ರೂವಿಯಸ್ ಹೊಗಳುತ್ತಾನೆ: ಸಾರ್ವಜನಿಕ ಕೆಲಸ ಹಿಡಿದವನು ಖರ್ಚನ್ನು ಮೊದಲೇ ಹೇಳಿ ತನ್ನ ಆಸ್ತಿಯನ್ನು ಅಡವಾಗಿಡಬೇಕು, ಹೇಳಿದಷ್ಟರಲ್ಲಿ ಮುಗಿಸಿದರೆ ಸನ್ಮಾನ, ಕಾಲುಪಾಲಿನವರೆಗೆ ಹೆಚ್ಚಾದರೆ ಬೊಕ್ಕಸ ಭರಿಸುತ್ತದೆ, ಅದಕ್ಕೂ ಮೀರಿದರೆ ಅವನ ಆಸ್ತಿಯಿಂದಲೇ ವಸೂಲಿ. ಇಷ್ಟು ಹೊಣೆಗೆ ಸಿಗುತ್ತಿದ್ದ ಕೂಲಿಯೋ ಅಲ್ಪ. ಕ್ರಿ.ಪೂ. 409–407ರ ಎರೆಕ್ಥಿಯನ್ ಗುಡಿಯ ಲೆಕ್ಕಪತ್ರಗಳಲ್ಲಿ ಸ್ಥಪತಿಗೆ ದಿನಕ್ಕೆ ಒಂದು ದ್ರಾಕ್ಮ, ನುರಿತ ಕಲ್ಕುಟಿಗನಿಗೂ ಅಷ್ಟೇ. ಎಪಿಡಾರಸ್ಸಿನ ದೇಗುಲ ಕಟ್ಟಿದ ಥಿಯೊಡೋಟಸನಿಗೆ ವರ್ಷಕ್ಕೆ 353 ದ್ರಾಕ್ಮ.

ಕನ್ನಡ ನಾಡಿನಲ್ಲಿ ಕೂಲಿಯ ಲೆಕ್ಕಕ್ಕಿಂತ ಬಿರುದು ಕಲ್ಲಿನ ಮೇಲೆ ಹೆಚ್ಚು ಉಳಿದಿದೆ. ಬಾದಾಮಿಯ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷವೆನಿಸಿದ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದಿತು. ಐಹೊಳೆಯ ಒಂದು ಶಾಸನವಂತೂ ಮನೆ ಗುಡಿಗಳನ್ನು ಕಟ್ಟುವುದರಲ್ಲಿ ನರಸೊಬ್ಬನಿಗೆ ಸಮನಾದವನು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂಬರ್ಥದ ಮಾತನಾಡುತ್ತದೆ. ಇಂಥ ಮಾತಿನಲ್ಲಿ ಹೆಮ್ಮೆಯೊಂದೇ ಅಲ್ಲ, ಓಜನಿಗೂ ಓಜನಿಗೂ ನಡುವೆ ಇದ್ದ ಪೈಪೋಟಿಯೂ ಕೇಳಿಸುತ್ತದೆ.

ಆ ಪೈಪೋಟಿ ಎಷ್ಟು ಎತ್ತರಕ್ಕೆ ಏರಿತೆಂಬುದನ್ನು ಹೂವಿನಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ ನೋಡಬೇಕು. ಅದರ ಬಾಗಿಲ ಕಂಬಗಳ ಮೇಲೆ ಚಾಚಿ ನಿಂತ ನರ್ತಕಿಯರು, 1117ರ ಬೇಲೂರಿನ ಮದನಿಕೆಯರಿಗೆ ದಾರಿ ತೋರಿದವರೆಂದು ವಿದ್ವಾಂಸರು ಗುರುತಿಸಿದ್ದಾರೆ. ಬಳ್ಳಿಯ ಸುತ್ತು, ಬಳುಕಿದ ನಡು, ಎತ್ತಿದ ಕೈ ಎಲ್ಲವನ್ನೂ ಒಂದೇ ಕಲ್ಲಿನಿಂದ ಬಿಡಿಸಿ, ಮೈಯ ಹಿಂದೆಯೂ ಬೆಳಕು ಆಡುವಂತೆ ಟೊಳ್ಳು ತೆಗೆದ ಆ ಕೆಲಸದಲ್ಲಿ ಕೊನೆಯ ಏಟು ಜಾರಿದರೂ ಮೊದಲಿನ ದುಡಿಮೆಯೆಲ್ಲ ಹೋದಂತೆಯೇ. ಮುರಿದ ಬೆರಳನ್ನು ಕಲ್ಲಿಗೆ ಮರಳಿ ಅಂಟಿಸುವ ಉಪಾಯವಿಲ್ಲ.

ಬಾಗಳಿ, ಹಿರೇಹಡಗಲಿ, ಮಾಗಳ, ಅಂಬಳಿ, ಕುರುವತ್ತಿಗಳ ಅಧಿಷ್ಠಾನದ ಪಟ್ಟಿಕೆಗಳನ್ನು, ಎಂದರೆ ಗುಡಿಯ ಬುಡದ ಅಡ್ಡಸಾಲುಗಳನ್ನು, ಕಂಬದ ಕಡೆತವನ್ನು, ಬಾಗಿಲುವಾಡದ ಬಳ್ಳಿಯ ತಿರುವನ್ನು ಒಂದರ ಪಕ್ಕ ಒಂದಿಟ್ಟು ಅಳೆದರೆ, ಒಂದೇ ತಂಡ ಊರಿಂದ ಊರಿಗೆ ನಡೆದದ್ದು ಎಲ್ಲಿ, ತಂದೆಯ ಕೆಲಸವನ್ನು ಮಗ ಮುಂದುವರಿಸಿದ್ದು ಎಲ್ಲಿ ಎಂಬುದನ್ನು ಗುರುತಿಸಲು ದಾರಿಯಿದೆ. ಈ ಅಳತೆಗೆ ದೊಡ್ಡ ಸಲಕರಣೆಯೇನೂ ಬೇಕಿಲ್ಲ. ಗುಡಿಗಳು ಒಂದು ದಿನದ ಓಡಾಟದ ಅಂತರದಲ್ಲಿವೆ, ಈ ಸೀಮೆಯ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಒಂದು ಬೇಸಿಗೆ ರಜೆಯಲ್ಲಿ ಕೆಲಸ ಆರಂಭಿಸಬಹುದು.