ಸಕ್ಕರೆ ಕಾಯಿಲೆಯೂ ಗಂಜಿಯ ಆಸೆಯೂ

ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ದಿನ ನಮ್ಮ ಕಾಸರಗೋಡು ಕಡೆಯ ಕೃಷಿಕರು ಮೊದಲು ಕೇಳುವುದು ಮಾತ್ರೆಯ ವಿಷಯವಲ್ಲ, "ಇನ್ನು ಗಂಜಿ ಉಣ್ಣಬಾರದೇ?" ಎಂದು. ಬೆಳಗ್ಗೆ ತೋಟದ ಕೆಲಸ ಮುಗಿಸಿ ಬಂದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು ಉಂಡು ಬೆಳೆದವರು ನಾವು. ಅದರ ಬದಲು ಎರಡು ಚಪಾತಿ ತಿಂದರೆ ಹೊಟ್ಟೆ ತುಂಬಿದರೂ ಊಟವಾಯಿತೆಂದು ಅನಿಸುವುದಿಲ್ಲ. ಈ ಆಸೆಯನ್ನು ಬಾಯಿಚಪಲವೆಂದು ಮನೆಯವರು ಹಂಗಿಸಬಾರದು. ಹಂಗಿಸಿದರೆ ರೋಗಿಯು ಕದ್ದು ತಿನ್ನಲು ಕಲಿಯುತ್ತಾನೆ. ಕದ್ದು ತಿಂದದ್ದಕ್ಕೆ ಅಳತೆಯಿಲ್ಲ.

ಅಳತೆಯೇ ಇಲ್ಲಿ ಮುಖ್ಯ. ಅನ್ನ, ಚಪಾತಿ, ರಾಗಿ, ಮರಗೆಣಸು ಎಲ್ಲದರಲ್ಲಿಯೂ ಪಿಷ್ಟವಿದೆ. ಅದು ಕರಗಿ ರಕ್ತದಲ್ಲಿ ಸಕ್ಕರೆಯಾಗುತ್ತದೆ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ರಾಗಿಯೆಂದು ಬೇಕಾದಷ್ಟು ತಿನ್ನುವಂತಿಲ್ಲ. 150 ಗ್ರಾಂ ಬೆಂದ ಅನ್ನದಲ್ಲಿ, ಅಂದರೆ ಒಂದು ಸಣ್ಣ ಬಟ್ಟಲಿನಲ್ಲಿ, ಪಿಷ್ಟ ಸುಮಾರು 40 ಗ್ರಾಂ. ನಾವು ಸಾಧಾರಣವಾಗಿ ಉಣ್ಣುವುದು ಇದರ ಎರಡು ಮೂರು ಪಾಲು, ಜೊತೆಗೆ ನೆಂಜಿಕೊಳ್ಳಲು ಚೂರು ಉಪ್ಪಿನಕಾಯಿ. ತೊಂದರೆ ಇರುವುದು ಇಲ್ಲಿಯೇ.

ಆದ್ದರಿಂದ ಗಂಜಿಯನ್ನು ಬಿಡುವ ಬದಲು ಬಟ್ಟಲನ್ನು ಸಣ್ಣದು ಮಾಡೋಣ. ಅನ್ನ ತೀರಾ ಕರಗುವಷ್ಟು ಬೇಯಿಸಬಾರದು. ಬಟ್ಟಲಿನ ಪಕ್ಕದಲ್ಲಿ ಅಲಸಂಡೆ, ತೊಂಡೆಕಾಯಿ ಅಥವಾ ಹರಿವೆಯ ಪಲ್ಯ ಅನ್ನಕ್ಕಿಂತ ಹೆಚ್ಚಿರಲಿ. ಬೂತಾಯಿಯೋ ಬಂಗುಡೆಯೋ ಇರಲಿ, ಇಲ್ಲವಾದರೆ ಹೆಸರುಕಾಳು. ಪಲ್ಯ, ಮೀನು ಮೊದಲು ತಿಂದು ಗಂಜಿ ಕೊನೆಗೆ ಉಂಡರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಮನೆಯಲ್ಲಿ ಪರೀಕ್ಷಿಸುವ ಯಂತ್ರ ಇದ್ದವರು ಊಟ ಆರಂಭಿಸಿ ಎರಡು ಗಂಟೆಯ ನಂತರ ನೋಡಲಿ. ಹೆಚ್ಚಿನ ವಯಸ್ಕರಿಗೆ 180ಕ್ಕಿಂತ ಕೆಳಗಿದ್ದರೆ ಸರಿ. ಯಾವ ಊಟ ತಮಗೆ ಒಗ್ಗುತ್ತದೆ ಎಂಬುದನ್ನು ನೆರೆಮನೆಯವರ ಮಾತಿಗಿಂತ ಈ ಅಂಕಿಯೇ ಚೆನ್ನಾಗಿ ಹೇಳುತ್ತದೆ.

ಹಲಸಿನ ಕಾಲದಲ್ಲಿ ಸಂಕಟ ಇನ್ನೂ ಹೆಚ್ಚು. ಅಂಗಳದಲ್ಲಿ ಹಣ್ಣು ಕೊಯ್ದಿರುವಾಗ ಒಬ್ಬರನ್ನೇ ದೂರ ಕೂರಿಸುವುದು ಕ್ರೂರ. ಬೀಜ ತೆಗೆದ 100 ಗ್ರಾಂ ಹಣ್ಣಿನ ತೊಳೆಯಲ್ಲಿ ಪಿಷ್ಟ ಮತ್ತು ಸಕ್ಕರೆ ಸೇರಿ ಸುಮಾರು 23 ಗ್ರಾಂ ಇದೆ, ಅಂದರೆ ಅರ್ಧ ಬಟ್ಟಲು ಅನ್ನಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ತಿಂದ ದಿನ ಆ ಹೊತ್ತಿನ ಅನ್ನದಲ್ಲಿ ಅಷ್ಟನ್ನು ಬಿಡಬೇಕು. ಇದು ಕೊಡುಕೊಳ್ಳುವ ಲೆಕ್ಕ, ಕೃಷಿಕರಿಗೆ ಹೊಸದೇನಲ್ಲ. ಎಳೆ ಗುಜ್ಜೆಯ ಪಲ್ಯಕ್ಕೆ ಇಷ್ಟು ಬಿಗಿ ಬೇಡ. ಆದರೆ ಹಲಸಿನಕಾಯಿ ತಿಂದರೆ ಮಾತ್ರೆ ಬೇಡವೆಂದು ಯಾರಾದರೂ ಹೇಳಿದರೆ ಕಿವಿಗೊಡಬಾರದು. ಬೆಲ್ಲದ ವಿಷಯವೂ ಹೀಗೆಯೇ. ಬೆಲ್ಲವೂ ಸಕ್ಕರೆಯೇ, ಬಣ್ಣ ಮಾತ್ರ ಬೇರೆ.

ಹಬ್ಬಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಹೆಚ್ಚು ಹೊಂದುವುದು ಸೆಪ್ಟೆಂಬರ್ 8ರ ತೆನೆ ಹಬ್ಬವೆಂದು ನಮಗೆ ತೋರುತ್ತದೆ. ಹೊಸ ಅಕ್ಕಿ ಊಟಕ್ಕೆ ಐದೋ ಏಳೋ ಬಗೆಯ ತರಕಾರಿ ಇರುತ್ತದೆ. ಎಲೆ ತುಂಬಾ ಅವನ್ನೇ ಬಡಿಸಿಕೊಳ್ಳಬಹುದು. ಕ್ರಿಸ್ಮಸ್ಸಿನ ಕುಸ್ವಾರ್ ಹಾಗಲ್ಲ. ಒಂದು ನೆವ್ರಿ ಎಲ್ಲರ ಜೊತೆ ಕೂತು ನಿಧಾನವಾಗಿ ತಿಂದು, ಡಬ್ಬವನ್ನು ಮಕ್ಕಳಿಗೆ ಒಪ್ಪಿಸುವುದು ಲೇಸು.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಬಾರದು. ಮದ್ದಿನ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಖಾಲಿ ಹೊಟ್ಟೆಯಲ್ಲಿ ಅಡಿಕೆ ತೋಟದಲ್ಲಿ ದುಡಿಯುವಾಗ ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಆಗ ಪಥ್ಯದ ಯೋಚನೆ ಬೇಡ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು ಕುಳಿತುಕೊಳ್ಳಬೇಕು. 15 ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ತೋಟಕ್ಕೆ ಹೋಗುವಾಗ ಕಿಸೆಯಲ್ಲಿ ಒಂದು ಸಕ್ಕರೆ ಪೊಟ್ಟಣ ಇರಲಿ. ಜೊತೆಗೆ ಕೆಲಸ ಮಾಡುವವರಿಗೂ ಅದು ಯಾಕೆಂದು ತಿಳಿದಿರಲಿ.